ರಿವರ್ಸ್ ಬೀಳದ ಪಿಕಪ್ಪಿನಲ್ಲಿ ಸಿಸಿಲಿ ಮಿಸ್

ಯಾರ ಮನೆಗೇ ಹೋಗಲಿ, ಗಾಡಿ ನಿಲ್ಲಿಸುವ ಮೊದಲು ನಾನು ನೋಡುವುದು ಹೊರಗೆ ಬರುವ ದಾರಿಯನ್ನು. ಮದುವೆ ಮಂಟಪಕ್ಕೆ ಹೋದರೂ ಅಷ್ಟೆ, ಆಸ್ಪತ್ರೆಗೆ ಹೋದರೂ ಅಷ್ಟೆ. ಗೇಟಿನ ಕಡೆಗೆ ಮೂತಿ ಮಾಡಿ ನಿಲ್ಲಿಸಿದರೇನೇ ನನಗೆ ಊಟ ಇಳಿಯುವುದು. "ಊಟ ಮಾಡಿ ಓಡಿಹೋಗೋರ ಥರ ನಿಲ್ಲಿಸ್ತೀರಲ್ಲ, ನೋಡಿದೋರು ಏನಂದ್ಕೋತಾರೆ" ಎಂದು ನನ್ನ ಹೆಂಡತಿ ಸುಮ ಪ್ರತಿ ಸಲವೂ ಗೊಣಗುತ್ತಾಳೆ. ಗೊತ್ತಿಲ್ಲದವರು ನನ್ನನ್ನು ಭಾರೀ ಮುಂದಾಲೋಚನೆಯ ಮನುಷ್ಯ ಅಂದುಕೊಂಡಾರು. ಅಂಥದ್ದೇನೂ ಇಲ್ಲ. ರಿವರ್ಸ್ ಗೇರ್ ಬೀಳದ ಪಿಕಪ್ಪನ್ನು ಮೈಸೂರಿನ ತುಂಬ ನಾಲ್ಕು ತಿಂಗಳು ಓಡಿಸಿದವನಿಗೆ ಅಂಟಿಕೊಂಡ ಚಾಳಿ ಇದು. ಗಾಡಿ ರಿಪೇರಿಯಾಯಿತು, ಚಾಳಿ ರಿಪೇರಿಯಾಗಲಿಲ್ಲ.

ಶ್ರೀರಾಂಪುರದಲ್ಲಿ ನನ್ನದೊಂದು ಗಿಡಗಳ ನರ್ಸರಿ ಇದೆ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರಿಗೆ ಗೃಹಪ್ರವೇಶದ ಹಿಂದಿನ ದಿನ ಇದ್ದಕ್ಕಿದ್ದಂತೆ ಹಸಿರಿನ ಮೇಲೆ ಮಮಕಾರ ಉಕ್ಕುತ್ತದೆ. "ನಾಳೆ ಬೆಳಗ್ಗೆ ಹೊತ್ತಿಗೆ ಇಪ್ಪತ್ತು ಗಿಡ, ಹೂ ಬಿಟ್ಟಿರಬೇಕು" ಎಂದು ಫೋನು ಮಾಡುತ್ತಾರೆ. ಅಂಥವರಿಗೆ ಗಿಡ ಮುಟ್ಟಿಸಲೆಂದೇ ನಾನು ಆ ಪಿಕಪ್ಪನ್ನು ತೆಗೆದುಕೊಂಡಿದ್ದು. ಸೆಕೆಂಡ್ ಹ್ಯಾಂಡ್ ಎಂದರೆ ಸುಳ್ಳಾಗುತ್ತದೆ. ನನ್ನದು ನಾಲ್ಕನೆಯ ಕೈ. ಹಿಂದಿನ ಒಡೆಯರಲ್ಲಿ ಯಾರೋ ಹಿಂಬದಿಯ ಹಲಗೆಯ ಮೇಲೆ 'ತಾಯಿಯ ಆಶೀರ್ವಾದ' ಎಂದು ಬರೆಸಿದ್ದರು. ನನ್ನ ಕೈಗೆ ಬರುವಷ್ಟರಲ್ಲಿ ತಾಯಿ ಅಳಿಸಿಹೋಗಿ ಆಶೀರ್ವಾದ ಮಾತ್ರ ಉಳಿದಿತ್ತು. ಯಾರದೆಂದು ಗೊತ್ತಿಲ್ಲದ ಆ ಆಶೀರ್ವಾದದ ಮೇಲೆಯೇ ಗಾಡಿ ಓಡುತ್ತಿತ್ತು.

ಒಂದು ದಿನ ರಿವರ್ಸ್ ಹಾಕಿದೆ, 'ಕರ್ರ್' ಎಂದು ಕಲ್ಲು ಅಗಿದಂತೆ ಸದ್ದಾಗಿ ಗೇರು ತಾನಾಗಿ ಹೊರಗೆ ಜಿಗಿಯಿತು. ಮತ್ತೆ ಹಾಕಿದೆ, ಮತ್ತೆ ಜಿಗಿಯಿತು. ಮೂರನೆಯ ಸಲ ಸದ್ದೂ ಇಲ್ಲ, ಗೇರೂ ಇಲ್ಲ. ನಮ್ಮ ಮೆಕ್ಯಾನಿಕ್ ಮಾದೇಶನ ಹತ್ತಿರ ಓಡಿದೆ. ಅವನ ಗ್ಯಾರೇಜು ನರ್ಸರಿಯಿಂದ ಕೂಗಳತೆ. ಮಾದೇಶ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು, ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆಯುವ ಡಾಕ್ಟರ ಹಾಗೆ ನನ್ನನ್ನು ಪಕ್ಕಕ್ಕೆ ಕರೆದ.

"ಸಾ, ರಿವರ್ಸ್ ಗೇರಿಂದು ಅಲ್ಲು ಸವೆದೋಗ್ಬುಟ್ಟದೆ. ಗೇರ್ ಬಾಕ್ಸ್ ಇಳಿಸ್ಬೇಕು. ಇನ್ನೊಂದು, ಇಂದ್ಗಡೆ ಔಸಿಂಗ್ ಕೂಗ್ತಾ ಅದೆ."

ಔಸಿಂಗ್ ಎಂದಾಗ ನಾನು ಹೊಸ ಬಡಾವಣೆಯ ಸುದ್ದಿ ಅಂದುಕೊಂಡೆ. ಅವನು ನನ್ನನ್ನು ಬಗ್ಗಿಸಿ ತೋರಿಸಿದ. ಹಿಂದಿನ ಎರಡು ಚಕ್ರಗಳ ನಡುವೆ, ಕುಂಬಳಕಾಯಿ ನುಂಗಿದ ಹಾವಿನಂತೆ, ಮಧ್ಯದಲ್ಲಿ ಉಬ್ಬಿದ ಒಂದು ಕಬ್ಬಿಣದ ಕೊಳವೆ. ಅದೇ ಹೌಸಿಂಗ್. ಇಂಜಿನ್ನಿನ ಶಕ್ತಿ ಆ ಕುಂಬಳಕಾಯಿಗೆ ಬಂದು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಎಂಬ ಸರಳಿನ ಮೂಲಕ ಚಕ್ರಗಳಿಗೆ ಹೋಗುತ್ತದಂತೆ.

"ಎರಡೂ ಒಟ್ಗೇ ಬಿಚ್ಬುಡಣ. ಒಂದ್ ವಾರ ಗಾಡಿ ಬುಟ್ಬುಡಿ" ಎಂದ.

ಒಂದು ವಾರ ಎಂದ ತಕ್ಷಣ ನಾನು ಗಾಡಿ ತೆಗೆದುಕೊಂಡು ನರ್ಸರಿಗೆ ಬಂದುಬಿಟ್ಟೆ. ಮಳೆಗಾಲ ಹತ್ತಿರವಾಗುತ್ತಿತ್ತು, ಗಿಡ ಮಾರುವವನಿಗೆ ಅದೇ ಸುಗ್ಗಿ. ಮಾದೇಶ ಹಿಂದಿನಿಂದ ಕೂಗಿ ಹೇಳಿದ್ದು ಕಿವಿಗೆ ಬಿತ್ತು, "ಲೋಡ್ ಮಾತ್ರ ಆಕ್ಬೇಡಿ ಸಾ." ಬಿದ್ದದ್ದು ಕಿವಿಗೆ ಮಾತ್ರ.

ರಿವರ್ಸ್ ಇಲ್ಲದೆ ಬದುಕುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಅದರಲ್ಲೂ ನಮ್ಮ ಊರಿನಲ್ಲಿ. ಇಲ್ಲಿ ನಾಲ್ಕು ಹೆಜ್ಜೆಗೊಂದು ಸರ್ಕಲ್ಲು. ತಪ್ಪಿದರೆ ಸುತ್ತಿಕೊಂಡು ಬಂದರಾಯಿತು. ಚಿಕ್ಕವನಿದ್ದಾಗ ಬಾಡಿಗೆ ಸೈಕಲ್ ತೆಗೆದುಕೊಳ್ಳುತ್ತಿದ್ದ ಕಾಲದಲ್ಲೇ ನನಗೆ ಈ ವಿದ್ಯೆ ಕೈಗೂಡಿತ್ತು. ನಮ್ಮ ಬೀದಿಯ ಸೈಕಲ್ ಅಂಗಡಿಯವನ ಹತ್ತಿರ ಬ್ರೇಕಿಲ್ಲದ ಒಂದು ಕೆಂಪು ಸೈಕಲ್ ಇತ್ತು. ಉಳಿದವೆಲ್ಲ ದೊಡ್ಡ ಹುಡುಗರ ಪಾಲಾಗಿ ನನಗೆ ಸಿಗುತ್ತಿದ್ದದ್ದು ಅದೇ. ಅದನ್ನು ನಿಲ್ಲಿಸುವ ದಾರಿ ಒಂದೇ: ಸರ್ಕಲ್ಲಿನ ಸುತ್ತ, ತಾನಾಗಿ ಸುಸ್ತಾಗುವವರೆಗೂ ಸುತ್ತುವುದು. ಆ ದಿನಗಳಲ್ಲಿ ಸರ್ಕಲ್ಲಿನ ಪೊಲೀಸರು ನನ್ನನ್ನು ನೋಡಿ ಹುಡುಗ ಸರ್ಕಸ್ಸಿಗೆ ಸೇರುವ ತಯಾರಿಯಲ್ಲಿದ್ದಾನೆ ಅಂದುಕೊಂಡಿದ್ದರಂತೆ.

ಆದರೆ ಸೈಕಲ್ಲಿಗೆ ಬೇಕಿಲ್ಲದ ಒಂದು ಸಂಗತಿ ಪಿಕಪ್ಪಿಗೆ ಬೇಕಾಯಿತು. ಅದು ಸುಳ್ಳು. "ಗಾಡೀನ ಸ್ವಲ್ಪ ಹಿಂದಕ್ಕೆ ತಗೊಂಡು ಗೇಟ್ ಹತ್ರ ಹಾಕಿ" ಎಂದು ಯಾರಾದರೂ ಹೇಳಿದರೆ, "ಬೇಡ ಸಾರ್, ಹೊಸ ಟೈಲ್ಸ್ ಹಾಕ್ಸಿದೀರಿ, ಎಣ್ಣೆ ತೊಟ್ಟಿಕ್ಕತ್ತೆ" ಎನ್ನುತ್ತಿದ್ದೆ. "ಗಿಡಕ್ಕೆ ಹೊಗೆ ಆಗಲ್ಲ ಮೇಡಂ" ಎನ್ನುತ್ತಿದ್ದೆ. ಒಬ್ಬ ಹೆಂಗಸಿಗೆ, ಗಿಡಗಳನ್ನು ಬೀದಿಯಿಂದ ಕೈಯಲ್ಲೇ ಹೊತ್ತು ಒಳಗೆ ತಂದರೆ ಮನೆಗೆ ಶ್ರೇಯಸ್ಸು ಎಂದೂ ಹೇಳಿದೆ. ಅವರು ಎರಡು ಕುಂಡಗಳನ್ನು ಖುದ್ದಾಗಿ ಹೊತ್ತರು.

ಹೀಗಿರುವಾಗ ಸಿಸಿಲಿ ಮಿಸ್ ಫೋನು ಮಾಡಿದರು.

ಸಿಸಿಲಿ ಮಿಸ್ ನನಗೆ ಏಳನೆಯ ತರಗತಿಯಿಂದ ಹತ್ತರವರೆಗೂ ಗಣಿತ ಹೇಳಿಕೊಟ್ಟವರು. ಕೆಲಸದಿಂದ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ವಿದ್ಯಾರಣ್ಯಪುರಂನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದೊಡನೆ ಅಯ್ಯೋ ಪಾಪ ಎನ್ನಬೇಡಿ. ಅಯ್ಯೋ ಪಾಪ ಎಂದವರನ್ನು ಮಿಸ್ ಬೋರ್ಡಿನ ಹತ್ತಿರ ಕರೆದು ಲೆಕ್ಕ ಬಿಡಿಸಲು ಹೇಳುವಂಥವರು. ಭಾನುವಾರ ಚರ್ಚು, ಬುಧವಾರ ನನ್ನ ನರ್ಸರಿ. ಬಂದು ಒಂದು ಗಿಡ ಕೊಂಡು, ಹತ್ತು ಗಿಡಗಳಲ್ಲಿ ತಪ್ಪು ಹುಡುಕಿ ಹೋಗುತ್ತಿದ್ದರು.

"ಶಿವು, ಗುರುವಾರ ನಿನ್ನ ಗಾಡಿ ಬೇಕಲ್ಲೋ. ಬೋಗಾದಿಗೆ ಮನೆ ಬದಲಾಯಿಸ್ತಾ ಇದ್ದೀನಿ. ಗಾಡಿ ಸರಿಯಾಗಿದೆ ತಾನೆ?"

"ಫಸ್ಟ್ ಕ್ಲಾಸಾಗಿದೆ ಮಿಸ್."

ಮಿಸ್ ಎದುರಿಗೆ 'ಇಲ್ಲ' ಎನ್ನುವ ಧೈರ್ಯ ನನಗೆ ಹತ್ತನೆಯ ತರಗತಿಯಲ್ಲಿ ಇರಲಿಲ್ಲ, ನಲವತ್ತೆಂಟನೆಯ ವಯಸ್ಸಿನಲ್ಲೂ ಬಂದಿರಲಿಲ್ಲ. ಅಷ್ಟೇ ಆಗಿದ್ದರೆ ನನ್ನನ್ನು ಕ್ಷಮಿಸಬಹುದಿತ್ತು. ಬೋಗಾದಿ ಎಂದಾಗ ನನಗೆ ಇನ್ನೊಂದು ಹೊಳೆಯಿತು. ಅಲ್ಲಿಯೇ ಒಬ್ಬ ಗಿರಾಕಿಗೆ ಗೊಬ್ಬರ ಬೆರೆಸಿದ ಕೆಮ್ಮಣ್ಣಿನ ಮೂಟೆ ಕಳಿಸುವುದು ಬಾಕಿ ಇತ್ತು. ಹೇಗೂ ಹೋಗುತ್ತೇನಲ್ಲ ಎಂದು ಗುರುವಾರ ಬೆಳಗ್ಗೆ ಹತ್ತು ಮೂಟೆಗಳನ್ನು ಗಾಡಿಯ ತಳದಲ್ಲಿ ಹಾಸಿ, ಮೇಲೆ ಟಾರ್ಪಾಲು ಹೊದಿಸಿ, ಏನೂ ಇಲ್ಲದವನ ಹಾಗೆ ಮಿಸ್ ಮನೆಗೆ ಹೋದೆ.

"ಗೇಟ್ ತನಕ ಹಿಂದಕ್ಕೆ ತಗೋ" ಎಂದರು ಮಿಸ್.

"ಬೇಡ ಮಿಸ್, ಮಲ್ಲಿಗೆ ಬಳ್ಳಿಗೆ ತಗಲತ್ತೆ."

ಮಿಸ್ ಬಳ್ಳಿಯನ್ನು ನೋಡಿದರು, ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು.

ಅಕ್ಕಪಕ್ಕದ ಮನೆಯವರು ಕೈ ಹಚ್ಚಿದರು. ಕಬ್ಬಿಣದ ಬೀರು, ಪುಸ್ತಕದ ಪೆಟ್ಟಿಗೆಗಳು, ನಾಲ್ಕು ಮರದ ಕುರ್ಚಿ, ಒಂದು ಒರಳುಕಲ್ಲು, ನಾನೇ ಮಾರಿದ್ದ ಮೂವತ್ತು ಕುಂಡಗಳು. ಮಂಚವನ್ನು ಮಾತ್ರ ಪಕ್ಕದ ಮನೆಯಾಕೆಗೆ ಕೊಟ್ಟುಬಿಟ್ಟರು. "ಅಲ್ಲಿ ಮಂಚ ಇದೆ" ಎಂದರು. ಒರಳುಕಲ್ಲು ಹೊತ್ತು ಹೋಗುವವರು ಮಂಚ ಬಿಟ್ಟು ಹೋಗುವುದು ನನಗೆ ವಿಚಿತ್ರವೆನಿಸಿತು. ಆದರೆ ಒರಳುಕಲ್ಲು ಏರಿದಾಗ ಗಾಡಿ ಮಾಡಿದ ಸದ್ದಿನ ಕಡೆಗೇ ನನ್ನ ಗಮನವಿತ್ತು.

ಹೊರಟೆವು. ಮಿಸ್ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕಾಫಿ ಫ್ಲಾಸ್ಕು. ಹಿಂದಿನಿಂದ ಹೌಸಿಂಗು, ಯಾರೋ ಬಾಯಿ ಮುಚ್ಚಿಕೊಂಡು ಹಾಡುತ್ತಿರುವ ಹಾಗೆ, ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ಸದ್ದಿಗೆ ಕಿವಿಗೊಟ್ಟುಕೊಂಡು ಒಂದು ತಿರುವನ್ನು ತಪ್ಪಿಸಿಕೊಂಡೆ. ಬೇರೆಯವರಾದರೆ ನಾಲ್ಕು ಮಾರು ಹಿಂದಕ್ಕೆ ಬಂದು ತಿರುಗಿಸುತ್ತಿದ್ದರು. ನಾನು ಮುಂದಕ್ಕೇ ಹೋಗಿ ಸರ್ಕಲ್ ಸುತ್ತಿ ವಾಪಸು ಬಂದೆ. ಬಂದವನು ಮತ್ತೆ ತಪ್ಪಿಸಿದೆ. ಮತ್ತೆ ಸುತ್ತಿದೆ. ಆ ಸರ್ಕಲ್ಲಿನಲ್ಲಿ ಎಳನೀರು ಮಾರುತ್ತಿದ್ದವನು ಎರಡನೆಯ ಸಲ ನಮಗೆ ಕೈ ಬೀಸಿದ.

"ರಿವರ್ಸ್ ಯಾವಾಗ್ಲಿಂದ ಇಲ್ಲ?" ಎಂದರು ಮಿಸ್, ರಸ್ತೆಯನ್ನೇ ನೋಡುತ್ತ.

"ಮೂರು ತಿಂಗಳು ಮಿಸ್."

"ಮೂರಾ?"

"ನಾಲ್ಕು ಮಿಸ್."

ರಿಂಗ್ ರಸ್ತೆ ಹಿಡಿದು ಬೋಗಾದಿಯ ಕಡೆಗೆ ಬಂದೆವು. ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಒಂದು ಸಿಗ್ನಲ್ಲು. ಹಸಿರಾಯಿತು. ಕ್ಲಚ್ ಬಿಟ್ಟೆ. ಹಿಂದೆ 'ಟಣ್' ಎಂದು ದೊಡ್ಡ ಗಂಟೆ ಬಾರಿಸಿದಂತಾಯಿತು. ಅಷ್ಟೆ. ಇಂಜಿನ್ ಓಡುತ್ತಿದೆ, ಗೇರ್ ಬಿದ್ದಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ. ಎರಡನೆಯ ಗೇರ್ ಹಾಕಿದೆ, ಮೂರನೆಯದು ಹಾಕಿದೆ. ಇಂಜಿನ್ ಬೊಬ್ಬೆ ಹಾಕಿತೇ ಹೊರತು ಚಕ್ರ ಅಲುಗಲಿಲ್ಲ. ಹಿಂದಿದ್ದವರೆಲ್ಲ ಹಾರ್ನು ಹೊಡೆಯತೊಡಗಿದರು.

"ಕ್ಲಚ್ ಪ್ಲೇಟ್ ಹೋಯ್ತು ಅನ್ಸತ್ತೆ ಮಿಸ್" ಎಂದೆ, ಬಲ್ಲವನ ಗತ್ತಿನಲ್ಲಿ.

ಮಿಸ್ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದರು. "ಇನ್ನೊಂದ್ಸಲ ಓಡಿಸು. ನೋಡು, ಮುಳ್ಳು ಇಪ್ಪತ್ತು ತೋರಿಸ್ತಾ ಇದೆ. ನಾವು ನಿಂತಿದ್ದೀವಿ. ಈ ಮುಳ್ಳಿಗೆ ಸ್ಪೀಡ್ ಎಲ್ಲಿಂದ ಗೊತ್ತಾಗತ್ತೆ?"

"ಗೇರ್ ಬಾಕ್ಸಿಂದ ಒಂದು ಕೇಬಲ್ ಬರತ್ತೆ ಮಿಸ್."

"ಅಂದ್ಮೇಲೆ ಗೇರ್ ಬಾಕ್ಸ್ ತನಕ ಎಲ್ಲಾ ತಿರುಗ್ತಾ ಇದೆ. ಕ್ಲಚ್ ಹೋಗಿದ್ರೆ ಅದು ತಿರುಗ್ತಿರಲಿಲ್ಲ. ತಪ್ಪು ಗೇರ್ ಬಾಕ್ಸಿಗೂ ಚಕ್ರಕ್ಕೂ ಮಧ್ಯೆ ಎಲ್ಲೋ ಇದೆ. ನಿನ್ನ ಮೆಕ್ಯಾನಿಕ್‌ಗೆ ಹಾಗಂತ ಹೇಳು."

ಹೇಳಿದೆ. ಮಾದೇಶ ಫೋನಿನಲ್ಲಿ, "ಆಕ್ಸಲ್ ಕಟ್ಟಾಗ್ಬುಟ್ಟದೆ. ನೀವೆಂಗ್ ಕಂಡಿಡುದ್ರಿ ಸಾ?" ಎಂದ. ನಾನೇ ಕಂಡುಹಿಡಿದೆ ಎಂದು ಹೇಳುವ ಆಸೆ ನಾಲಿಗೆ ತುದಿಯವರೆಗೂ ಬಂದಿತ್ತು. ಮಿಸ್ ಪಕ್ಕದಲ್ಲೇ ಇದ್ದುದರಿಂದ ನುಂಗಿಕೊಂಡೆ. ಒಂದು ಹಳೆಯ ಆಕ್ಸಲ್ ಹುಡುಕಿಕೊಂಡು ಬರುತ್ತೇನೆ, ಹೊತ್ತಾಗುತ್ತದೆ ಎಂದ.

ದಾರಿಹೋಕರು ನಾಲ್ಕು ಜನ ಸೇರಿ ಗಾಡಿಯನ್ನು ರಸ್ತೆಯಂಚಿನ ಹೊಂಗೆ ಮರದ ಕೆಳಗೆ ತಳ್ಳಿಕೊಟ್ಟರು. ಮಿಸ್ ಎರಡು ಕುರ್ಚಿ ಇಳಿಸಲು ಹೇಳಿ, ಒಂದರ ಮೇಲೆ ಕೂತು ಫ್ಲಾಸ್ಕು ತೆರೆದರು. ಬೀರು, ಒರಳು, ಕುಂಡಗಳ ಮುಂದೆ ನಾವಿಬ್ಬರೂ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತ ಕೂತ ಚೆಂದಕ್ಕೆ ಸ್ಕೂಟರಿನವನೊಬ್ಬ ನಿಲ್ಲಿಸಿ, "ಕುರ್ಚಿ ಮಾರೋದಾ?" ಎಂದು ಕೇಳಿದ.

"ಇಲ್ಲಪ್ಪ, ಕೂರೋದು" ಎಂದರು ಮಿಸ್.

ಆಗ ಮಿಸ್‌ಗೆ ಫೋನು ಬಂತು. ಎದುರಿನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಯಾವುದೋ ಹುಡುಗಿ ಅಳುತ್ತಿದ್ದಳು. "ನಾನು ಬರೋದು ಅಪ್ಪಂಗೆ ಗೊತ್ತಾಗೋಯ್ತು ಅತ್ತೆ. ನಾಳೆ ನಾನು ಮನೆ ಬಿಟ್ಟು ಆಚೆ ಹೋಗಂಗಿಲ್ಲ ಅಂದ್ಬುಟ್ರು. ಸೈನ್ ಹಾಕೋಕೆ ಬರಕ್ಕಾಗಲ್ಲ ಅತ್ತೆ."

"ಅಳಬೇಡ ಮಗಳೇ. ಅಪ್ಪನ ಜೊತೆ ಜಗಳ ಆಡಬೇಡ. ನಾನು ನೋಡ್ಕೋತೀನಿ" ಎಂದು ಮಿಸ್ ಫೋನು ಇಟ್ಟರು. ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ರಸ್ತೆ ನೋಡುತ್ತ ಕೂತರು.

"ಏನಾಯ್ತು ಮಿಸ್?"

"ನೀನು ರಿವರ್ಸ್ ವಿಷಯ ಮುಚ್ಚಿಟ್ಟೆ. ನಾನೂ ಒಂದು ಮುಚ್ಚಿಟ್ಟಿದ್ದೀನಿ. ಬೋಗಾದೀಲಿ ನಾನು ಬಾಡಿಗೆ ಮನೆ ತಗೊಂಡಿಲ್ಲ ಕಣೋ. ನಾಳೆ ಹನ್ನೊಂದು ಗಂಟೆಗೆ ನನ್ನ ಮದುವೆ."

ನನ್ನ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು.

ವರ ವಾಸುದೇವ ರಾಯರು. ಅವರ ಮುತ್ತಾತ ಅರಮನೆಯ ಪುಸ್ತಕಗಳನ್ನು ನೋಡಿಕೊಂಡಿದ್ದವರಂತೆ. ಇವರು ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರಿಗೂ ಪರಿಚಯವಾದದ್ದು ಬ್ಯಾಂಕಿನಲ್ಲಿ. ಪೆನ್ಷನ್ ಪಡೆಯುವವರು ವರ್ಷಕ್ಕೊಂದು ಸಲ ಹೋಗಿ ತಾವು ಬದುಕಿದ್ದೇವೆ ಎಂದು ಬರೆದುಕೊಟ್ಟು ಬರಬೇಕಲ್ಲ, ಆ ಸಾಲಿನಲ್ಲಿ. ಮೊದಲ ವರ್ಷ ರಾಯರು ಪೆನ್ನು ಕೇಳಿದರು. ಎರಡನೆಯ ವರ್ಷ ಅದೇ ಪೆನ್ನು ವಾಪಸು ತಂದುಕೊಟ್ಟರು. ಮೂರನೆಯ ವರ್ಷ ಇಬ್ಬರೂ ಒಟ್ಟಿಗೇ ಹೋದರು.

"ಫಾದರ್ ಹತ್ರ ಹೋಗಿ ಹೇಳಿದೆ. ನಕ್ಕು ಆಶೀರ್ವಾದ ಮಾಡಿದ್ರು. ನಮ್ಮಣ್ಣ ಮಾತ್ರ ಈ ವಯಸ್ಸಲ್ಲಿ ಇದೇನು ನಾಚಿಕೆಗೇಡು ಅಂದ. ರಿಜಿಸ್ಟ್ರಾರ್ ಆಫೀಸಿನ ಬೋರ್ಡ್ ಮೇಲೆ ಒಂದು ತಿಂಗಳು ನಮ್ಮ ಹೆಸರು ಹಾಕಿದ್ರು. ಒಬ್ರೂ ಓದಲಿಲ್ಲ. ಈಗ ನೋಡಿದ್ರೆ ಸಾಕ್ಷಿಗೆ ಮೂರು ಜನ ಬೇಕು. ರಾಯರ ಮಗಳು, ಅವರ ಎದುರುಮನೆಯವರು, ಮೂರನೇದು ಅಣ್ಣನ ಮಗಳು. ಅವಳನ್ನ ಅಣ್ಣ ತಡೆದುಬಿಟ್ಟ. ರಾಯರ ಕಡೆಯಿಂದಾನೇ ಇನ್ನೊಬ್ಬರನ್ನ ಕರೀಬಹುದು. ಆದ್ರೆ ನನ್ನ ಕಡೆಯವರು ಅಂತ ಒಬ್ಬರಾದ್ರೂ..."

ಮಾತು ಅಲ್ಲಿಗೇ ನಿಂತಿತು. ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಮಿಸ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಧೂಳಿಗೆಂದೇ ಇರಬೇಕು ಎಂದುಕೊಂಡು ನಾನು ಬೇರೆ ಕಡೆ ನೋಡಿದೆ.

"ನಾನಿಲ್ವಾ ಮಿಸ್" ಎಂದೆ.

ಅಂದದ್ದು ದೊಡ್ಡ ಮನಸ್ಸಿನಿಂದ ಎಂದು ಹೇಳಿಕೊಳ್ಳುವ ಆಸೆ ಇದೆ. ನಿಜ ಹೇಳುತ್ತೇನೆ, ಆ ಮೌನ ತಡೆಯಲಾರದೆ ಅಂದೆ. ಮಿಸ್ ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಸಾಕ್ಷಿ ಸಹಿ ಹಾಕ್ತೀಯಾ? ಯಾರ ಸಹಿ ಹಾಕ್ತೀಯಾ?"

ನಾನು ತಲೆ ತಗ್ಗಿಸಿದೆ. ಎಂಟನೆಯ ತರಗತಿಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದು, ಪ್ರೋಗ್ರೆಸ್ ಕಾರ್ಡಿನ ಮೇಲೆ ಅಪ್ಪನ ಸಹಿಯನ್ನು ನಾನೇ ಹಾಕಿಕೊಂಡು ಹೋಗಿದ್ದೆ. ಎರಡು ವಾರ ಅಭ್ಯಾಸ ಮಾಡಿದ ಸಹಿ ಅದು. ಅಪ್ಪ ಹಾಕಿದ್ದಕ್ಕಿಂತ ಚೆನ್ನಾಗಿತ್ತು. ಅದೇ ತಪ್ಪಾಯಿತು. "ನಿಮ್ಮಪ್ಪ ಇಷ್ಟು ದುಂಡಗೆ ಬರೆಯಲ್ಲ" ಎಂದು ಮಿಸ್ ಒಂದೇ ನೋಟಕ್ಕೆ ಹಿಡಿದಿದ್ದರು. ಮನೆಗೆ ದೂರು ಹೇಳಲಿಲ್ಲ. ಬದಲಿಗೆ ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಬೀಜಗಣಿತ ಹೇಳಿಕೊಟ್ಟರು. ದೂರು ಹೇಳಿದ್ದರೇ ವಾಸಿಯಿತ್ತು ಎಂದು ಆಗ ಅನ್ನಿಸಿತ್ತು.

"ನನ್ನ ಸಹಿನೇ ಹಾಕ್ತೀನಿ ಮಿಸ್" ಎಂದೆ.

"ಹಾಗಾದ್ರೆ ಆಧಾರ್ ಕಾರ್ಡ್ ತಗೊಂಡು ಹತ್ತೂವರೆಗೆ ಬಾ. ಸುಮನ್ನೂ ಕರ್ಕೊಂಡು ಬಾ" ಎಂದು ಇನ್ನರ್ಧ ಲೋಟ ಕಾಫಿ ಬಗ್ಗಿಸಿಕೊಟ್ಟರು.

ಮಾದೇಶ ಬಂದದ್ದು ಮಧ್ಯಾಹ್ನದ ಹೊತ್ತಿಗೆ, ಉದ್ದನೆಯ ಆಕ್ಸಲನ್ನು ಹೆಗಲಿಗೆ ಗದೆಯಂತೆ ಆನಿಸಿಕೊಂಡು, ಯಾರದೋ ಸ್ಕೂಟರಿನ ಹಿಂದೆ ಕೂತು. ಚಕ್ರದ ನಡುವಿನ ಬೋಲ್ಟುಗಳನ್ನು ಬಿಚ್ಚಿ ಎಳೆದ. ಸರಳು ಬಂತು, ಆದರೆ ಅರ್ಧವೇ. ಇನ್ನರ್ಧ ಒಳಗೇ ಮುರಿದು ಕೂತಿತ್ತು. ಅದನ್ನು ತೆಗೆಯಲು ಆಚೆ ಕಡೆಯ ಚೆನ್ನಾಗಿದ್ದ ಆಕ್ಸಲನ್ನೂ ಬಿಚ್ಚಿ, ಅಲ್ಲಿಂದ ಉದ್ದನೆಯ ಕಂಬಿ ತೂರಿಸಿ, ಟಕ್ ಟಕ್ ಎಂದು ಬಡಿದು, ಬಾವಿಯಿಂದ ಬಿಂದಿಗೆ ಎತ್ತುವಷ್ಟು ತಾಳ್ಮೆಯಿಂದ ಹೊರಗೆ ದಬ್ಬಿದ. ಮಿಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು ಪ್ರಶ್ನೆ ಕೇಳುತ್ತಿದ್ದರು.

"ಒಂದು ಕಡೆ ಕಟ್ಟಾದ್ರೆ ಇನ್ನೊಂದು ಕಡೆ ಚಕ್ರ ಯಾಕೆ ಎಳೆಯಲ್ಲ?"

"ಅದು ಅಂಗಲ್ಲ ಮೇಡಂ. ಔಸಿಂಗಲ್ಲಿ ಯಾವ್ ಕಡೆ ಸಲೀಸಾಗಿ ಅದೋ ಆ ಕಡೀಕೇ ಸುತ್ಕೊಂಡ್ ಓಯ್ತದೆ ಜೋರು. ಕಟ್ಟಾಗಿರೋ ಕಡೆ ಬರೀ ಸುತ್ತಾದೆ, ಈ ಕಡೆ ಚಕ್ರ ಕೆಲ್ಸ ಮಾಡಲ್ಲ."

"ಕ್ಲಾಸಲ್ಲಿ ಹಿಂದಿನ ಬೆಂಚಿನ ಥರ" ಎಂದು ಮಿಸ್ ನನ್ನ ಕಡೆ ನೋಡಿದರು.

ತಂದ ಆಕ್ಸಲ್ ಕೂರಿಸುವ ಮೊದಲು ಮಾದೇಶ ಭಾರ ಇಳಿಸಬೇಕೆಂದು ಗಾಡಿ ಹತ್ತಿದ. ನಾನು ಬೇಡ ಬೇಡ ಎನ್ನುವುದರೊಳಗೆ ಟಾರ್ಪಾಲು ಎತ್ತಿಬಿಟ್ಟ. "ಇದೇನ್ ಸಾ ಅಡೀಲಿ? ಮಣ್ಣಾ? ಲೋಡ್ ಆಕ್ಬೇಡಿ ಅಂತ ಏಳಿದ್ನಲ್ಲ. ಅತ್ ಮೂಟೆ ಆಕಿದ್ರೆ ಆಕ್ಸಲ್ ಇರ್ತದಾ?"

ಮಿಸ್ ಎದ್ದು ಬಂದು ಮೂಟೆಗಳನ್ನು ಎಣಿಸಿದರು. ನಾನು ಹೊಂಗೆ ಮರವನ್ನು, ಅದರ ತೊಗಟೆಯನ್ನು, ಒಬ್ಬ ನರ್ಸರಿಯವನಿಗೆ ತಕ್ಕ ಆಸಕ್ತಿಯಿಂದ ನೋಡುತ್ತ ನಿಂತೆ.

"ಒಳ್ಳೇ ಮಣ್ಣಾ?" ಎಂದರು.

"ಗೊಬ್ಬರ ಬೆರೆಸಿದ್ದು ಮಿಸ್. ಮೊದಲನೇ ನಂಬರು."

"ಸರಿ. ಮದುವೆಗೆ ನಿನ್ನ ಉಡುಗೊರೆ ಇದೇ ಅಂತ ಇಟ್ಕೋತೀನಿ. ರಾಯರ ಹಿತ್ತಲು ಬರೀ ಕಲ್ಲು."

ಮತ್ತೆ ಹೊರಟಾಗ ಬಿಸಿಲು ಇಳಿಯುತ್ತಿತ್ತು. ಮಾದೇಶನೂ ಹಿಂದೆ ಕುಂಡಗಳ ನಡುವೆ ಹತ್ತಿ ಕೂತ. ಬೋಗಾದಿ ಸೇರಿ, ಹೊಸ ಕಟ್ಟಡಗಳ ಜಲ್ಲಿ ರಾಶಿಗಳನ್ನು ದಾಟಿ, ಮಿಸ್ ತೋರಿಸಿದ ಬೀದಿಯ ಬಾಯಿಗೆ ಬಂದು ನಾನು ಬ್ರೇಕು ಹಾಕಿದೆ. ಉದ್ದನೆಯ, ಇಕ್ಕಟ್ಟಾದ ಬೀದಿ. ಕೊನೆಯಲ್ಲಿ ಒಂದು ಗೋಡೆ. ಗೋಡೆಗೆ ಅಂಟಿಕೊಂಡ ಕೊನೆಯ ಮನೆಯೇ ರಾಯರದು. ತಿರುಗಿಸಲು ಎಲ್ಲೂ ಜಾಗವಿಲ್ಲ. ನಾಲ್ಕು ತಿಂಗಳಿಂದ ನಾನು ಯಾವ ಬೀದಿಯನ್ನು ಕನಸಿನಲ್ಲಿ ಕಂಡು ಬೆಚ್ಚುತ್ತಿದ್ದೆನೋ, ಅದೇ ಬೀದಿ.

"ಒಳಗೆ ಹೋದ್ರೆ ವಾಪಸ್ ಬರೋಕಾಗಲ್ಲ ಮಿಸ್" ಎಂದೆ.

"ನಾನೂ ವಾಪಸ್ ಬರೋಕೆ ಹೋಗ್ತಿಲ್ಲ ಕಣೋ. ನಡಿ."

ನಡೆದೆ.

ರಾಯರು ಗೇಟಿನ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ತುಂಬುತೋಳಿನ ಶರ್ಟು, ಕೈಯಲ್ಲಿ ಮೊಬೈಲು. ಬೆಳಗ್ಗೆಯಿಂದ ಹಾಗೆಯೇ ನಿಂತಿದ್ದರೋ ಏನೋ, ಪಂಚೆಯ ಒಂದು ಕಡೆ ಮಾತ್ರ ಗೋಡೆಯ ಸುಣ್ಣ ಹತ್ತಿತ್ತು. ಮಿಸ್ ಇಳಿದದ್ದನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದು, ಮುಂದೇನು ಮಾಡಬೇಕೆಂದು ತಿಳಿಯದೆ, ಗಾಡಿಯ ಬಾಗಿಲನ್ನು ಜೋಪಾನವಾಗಿ ಮುಚ್ಚಿದರು.

"ಬನ್ನಿ ಸಿಸಿಲಿಯಾ ಅವರೇ. ತಡ ಆಯ್ತು ಅಂತ ಸ್ವಲ್ಪ ಗಾಬರಿ ಆಗಿತ್ತು."

"ಆಕ್ಸಲ್ ಕಟ್ಟಾಯ್ತು ರಾಯರೇ. ಒಳ್ಳೇದೇ ಆಯ್ತು, ನನ್ನ ಕಡೆಗೊಬ್ಬ ಸಾಕ್ಷಿ ಸಿಕ್ಕಿದ" ಎಂದು ನನ್ನನ್ನು ತೋರಿಸಿದರು.

ರಾಯರು ನನಗೆ ಕೈ ಮುಗಿದರು. ಅಷ್ಟು ವಯಸ್ಸಾದವರು ನನಗೆ ಕೈ ಮುಗಿದದ್ದು ಅದೇ ಮೊದಲು. ಎಣ್ಣೆ ಬಳಿದುಕೊಂಡ ಕೈಯಲ್ಲೇ ನಾನೂ ಮುಗಿದೆ. ಬೀರು ಇಳಿಯಿತು, ಒರಳು ಇಳಿಯಿತು. ರಾಯರ ಕಪಾಟಿನಲ್ಲಿ ಭೂಪಟದ ಪುಸ್ತಕಗಳನ್ನೆಲ್ಲ ಒಂದು ಬದಿಗೆ ಒತ್ತರಿಸಿ, ಇನ್ನೊಂದು ಬದಿಯ ಮೂರು ಹಲಗೆಗಳನ್ನು ಒರೆಸಿ ಖಾಲಿ ಇಟ್ಟಿದ್ದರು. ಮಿಸ್ ಆ ಖಾಲಿ ಹಲಗೆಗಳ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಎಂದಿನ ದನಿಯಲ್ಲಿ, "ಮೂರು ಸಾಲಲ್ಲ, ನಾಲ್ಕು" ಎಂದರು. ರಾಯರು ಆಗಲೇ ನಾಲ್ಕನೆಯದನ್ನು ಖಾಲಿ ಮಾಡತೊಡಗಿದರು.

ನಾನು ಗಾಡಿಯನ್ನು ಅಲ್ಲೇ ಬಿಟ್ಟು ಸಿಟಿ ಬಸ್ಸಿನಲ್ಲಿ ಮನೆಗೆ ಬಂದೆ. ಗಾಡಿ ಎಲ್ಲಿ ಎಂದು ಸುಮ ಕೇಳಿದಳು. ಮದುವೆ ಮನೆಯಲ್ಲಿದೆ ಎಂದೆ. ಯಾರ ಮದುವೆ ಎಂದಳು. ಹೇಳಿದೆ. ಸುಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು, ಆಮೇಲೆ ರೇಷ್ಮೆ ಸೀರೆ ಹುಡುಕಲು ಒಳಗೆ ಹೋದಳು. "ನಿಮ್ಮನ್ನ ನಂಬಿ ಸಾಕ್ಷಿಗೆ ಕರೆದ್ರಾ?" ಎಂದು ಒಳಗಿನಿಂದಲೇ ಕೇಳಿದಳು.

ಮರುದಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮುಂದೆ ಇದ್ದವರೆಲ್ಲ ಇಪ್ಪತ್ತೈದರ ಜೋಡಿಗಳು. ಅವರೆಲ್ಲ ರಾಯರನ್ನೂ ಮಿಸ್ಸನ್ನೂ ಯಾರದೋ ತಂದೆ ತಾಯಿ ಎಂದುಕೊಂಡು ಕುರ್ಚಿ ಬಿಟ್ಟುಕೊಟ್ಟರು. ಹೆಸರು ಕೂಗಿದಾಗ ಇವರಿಬ್ಬರೇ ಎದ್ದು ಒಳಗೆ ಹೋದದ್ದನ್ನು ಕಂಡು ಒಂದು ಹುಡುಗಿ ಚಪ್ಪಾಳೆ ತಟ್ಟಿದಳು. ಮಿಸ್ ಬೂದುಬಣ್ಣದ ರೇಷ್ಮೆ ಸೀರೆಯುಟ್ಟಿದ್ದರು. ಓದಬೇಕಾದ ಮಾತುಗಳನ್ನು ಮೊದಲು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಒಂದು ಅಕ್ಷರದೋಷವಿದೆ ಎಂದು ಅಧಿಕಾರಿಗೆ ತೋರಿಸಿ, ಆಮೇಲೆ ಗಟ್ಟಿಯಾಗಿ ಓದಿದರು. ರಾಯರ ದನಿ ನಡುಗಿತು. ಮಿಸ್‌ದು ನಡುಗಲಿಲ್ಲ. ನಾನು ಸಹಿ ಹಾಕಿದೆ. ನನ್ನ ಸಹಿಯನ್ನೇ ಹಾಕಿದೆ. ಮಿಸ್ ಬಗ್ಗಿ ನೋಡಿ ನನ್ನ ಬೆನ್ನ ಮೇಲೆ ಒಮ್ಮೆ ತಟ್ಟಿದರು.

ರಾಯರ ಮನೆಯಲ್ಲಿ ಊಟ. ಮಾದೇಶನಿಗೂ ಮಿಸ್ ಹೇಳಿಕಳಿಸಿದ್ದರು. ಅವನು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಊಟವಾದ ಮೇಲೆ ಗಾಡಿಯ ಪ್ರಶ್ನೆ ಬಂತು. ಗ್ಯಾರೇಜಿಗೆ ಹೋಗಬೇಕಾದರೆ ಅದು ಮೊದಲು ಆ ಬೀದಿಯಿಂದ ಹೊರಗೆ ಬರಬೇಕಲ್ಲ.

"ತಳ್ಳೋದೇ ಸಾ. ನ್ಯೂಟ್ರಲ್ ಮಾಡಿ ಸ್ಟೇರಿಂಗ್ ಇಡ್ಕಳಿ" ಎಂದ ಮಾದೇಶ.

ನಾನು ಕೂತೆ. ಮುಂದಿನಿಂದ ಬಾನೆಟ್ಟಿಗೆ ಕೈ ಕೊಟ್ಟವರು ಮಾದೇಶ, ರಾಯರ ಮಗಳು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡ ಸುಮ, ಎದುರುಮನೆಯವರು. ರಾಯರು ಪಂಚೆ ಎತ್ತಿಕಟ್ಟಿದರು. ಮಗಳು ಬೇಡ ಅಂದರೂ ಕೇಳಲಿಲ್ಲ. ಎಲ್ಲರ ನಡುವೆ ಜಾಗ ಮಾಡಿಕೊಂಡು ಮಿಸ್ ಬಂದು ನಿಂತರು, ಕೊರಳಲ್ಲಿ ಇನ್ನೂ ಹಾರ. ಎರಡೂ ಕೈಯನ್ನು ಬಾನೆಟ್ಟಿನ ಮೇಲಿಟ್ಟು, ಗಾಜಿನಾಚೆ ನನ್ನ ಮುಖಕ್ಕೆ ಮುಖ ಕೊಟ್ಟು ತಳ್ಳತೊಡಗಿದರು. ಒಂದೆರಡು ಹೆಜ್ಜೆ ಆಗುವಷ್ಟರಲ್ಲಿ ಅವರಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಪಕ್ಕದಲ್ಲಿ ರಾಯರಿಗೂ ಹತ್ತಿತು.

ನಾನು ಕಿಟಕಿ ಇಳಿಸಿದೆ. "ಹಿಂದೆ ನೋಡೋ ಶಿವು, ನನ್ನನ್ನೇನು ನೋಡ್ತೀಯ" ಎಂದರು ಮಿಸ್, ಏದುಸಿರಿನ ನಡುವೆ.

ಕನ್ನಡಿಯಲ್ಲಿ ಒಮ್ಮೆ ನೋಡಿ ಮತ್ತೆ ಮುಂದಕ್ಕೇ ತಿರುಗಿದೆ. ಗಾಡಿ ಒಂದೊಂದೇ ಅಡಿ ಹಿಂದಕ್ಕೆ ಸರಿಯುತ್ತಿತ್ತು. ಮಿಸ್ ಬಾನೆಟ್ಟಿನಿಂದ ಕೈ ತೆಗೆಯಲಿಲ್ಲ. ಹಾರ ಓರೆಯಾಗಿ, ಕನ್ನಡಕ ಮೂಗಿನ ತುದಿಗೆ ಜಾರಿ, ನಗುತ್ತ ನಗುತ್ತ ಬೀದಿಯ ಬಾಯಿಯವರೆಗೂ ಬಂದರು.